ಹಗ್ಗ ನುಂಗುವ ಹೆಂಗಸು

ಮೂರು ದಿನದಿಂದ ವಿಲಾಸಿನಿ ಹತ್ತಿರ ಬಂದರೆ ಸಾಕು, ಜನ ಮಾತು ನಿಲ್ಲಿಸುತ್ತಿದ್ದರು. ಹುಟ್ಟಿನಿಂದ ಕಣ್ಣು ಕಾಣದ ಅವಳಿಗೆ ಊರು ತಿಳಿಯುವುದೇ ಸದ್ದಿನಿಂದ. ಕೇರಳದ ಆಲಪ್ಪುಳದ ಹಿನ್ನೀರ ದಂಡೆಯ ಆ ಊರು ಒಮ್ಮೆಲೇ ಖಾಲಿಯಾದಂತಿತ್ತು. ಅಂಗಡಿಯ ಬಳಿ ಯಾರದೋ ತಣ್ಣನೆಯ ಕೈ ಅವಳ ಅಂಗೈಗೆ ನಾಣ್ಯವೊಂದನ್ನು ಒತ್ತಿ, ಮಾತಿಲ್ಲದೆ ಸರಿದುಹೋಯಿತು.

ಮಧ್ಯಾಹ್ನ, ಹಗ್ಗ ಹೊಸೆಯುವ ಅಂಗಳದಲ್ಲಿ ಅತ್ತಿಗೆ ಓಮನ ಬಾಯಿಬಿಟ್ಟಳು. "ನಾಳೆಯಿಂದ ಕೆಲಸಕ್ಕೆ ಬರಬೇಡ. ಮನೇಲಿರು."

"ಯಾಕೆ ಚೇಚಿ? ನನ್ನ ಹಗ್ಗದಲ್ಲಿ ಗಂಟು ಬಂತಾ?" ವಿಲಾಸಿನಿ ಅತ್ತಿಗೆಯನ್ನು ಅಕ್ಕ ಎಂಬಂತೆ ಚೇಚಿ ಎಂದೇ ಕರೆಯುತ್ತಿದ್ದಳು.

"ಹಗ್ಗ ಸರಿಯಾಗೇ ಇದೆ. ಫೋನಲ್ಲಿ ನಿನ್ನ ನೋಡಿದೋರು ನನ್ನ ಮುಖಕ್ಕೆ ಉಗೀತಿದ್ದಾರೆ. ಕಣ್ಣಿಲ್ಲದೋಳನ್ನ ಬಿಸಿಲಲ್ಲಿ ದುಡಿಸ್ತಾಳೆ ಅಂತ."

ಅಲ್ಲೇ ಇದ್ದ ಆಶಾ ಕಾರ್ಯಕರ್ತೆ ರಜಿತಾ ತನ್ನ ಫೋನ್ ತೆಗೆದಳು. ಕಸುಬಿನ ಬಗ್ಗೆ ಎಂದು ಹೇಳಿ ಪೇಟೆಯವನೊಬ್ಬ ಹೋದ ತಿಂಗಳು ತೆಗೆದುಕೊಂಡು ಹೋಗಿದ್ದ ವಿಡಿಯೊ ಅದು.

ಕೊಳಲು. ಆಮೇಲೆ ಹೆಂಗಸೊಬ್ಬಳು ಬಿಕ್ಕಿ ಅಳುವ ಸದ್ದು. "ನಾನು ವಿಲಾಸಿನಿ. ನನಗೆ ಯಾರೂ ಇಲ್ಲ. ಕತ್ತಲಲ್ಲಿ ದಾರಿ ಹುಡುಕುತ್ತಿದ್ದೇನೆ..."

ವಿಲಾಸಿನಿ ಫೋನಿಗೆ ಕಿವಿಗೊಟ್ಟಳು. ತನ್ನ ಹೆಸರು, ಇನ್ನಾರದೋ ಗಂಟಲು. ಆ ಅಳುವಿನ ಅಡಿಯಲ್ಲಿ ಬೇರೆ ಸದ್ದುಗಳಿದ್ದವು. ಕಾಗೆಯ ಕೂಗು ಮುಗಿಯುವಲ್ಲಿಂದ ಶುರುವಾಗುತ್ತಿತ್ತು. ಯಾರೋ ಉಸಿರನ್ನು ಒಳಗೆಳೆದುಕೊಳ್ಳುತ್ತ ಮಾತಾಡುತ್ತಿದ್ದರು.

"ಇದು ನಮ್ಮ ಹಗ್ಗದ ರಾಟೆ ಸದ್ದೇ. ಆದ್ರೆ ಉಲ್ಟಾ ಸುತ್ತುತ್ತಿದೆ," ಎಂದಳು. "ಅದರಲ್ಲಿ ನಾನೇನು ಮಾಡ್ತಿದ್ದೀನಿ?"

"ಕೈ ಚಾಚಿಕೊಂಡು ಮುಂದೆ ಮುಂದೆ ಬರ್ತಿದ್ದೀಯ," ಎಂದಳು ಓಮನ.

"ಮುಂದೆ? ಹಗ್ಗ ಹೊಸೆಯೋರು ಯಾವತ್ತು ಮುಂದಕ್ಕೆ ನಡೆದಿದ್ದಾರೆ, ಚೇಚಿ?"

ಸೊಂಟಕ್ಕೆ ತೆಂಗಿನ ನಾರು ಕಟ್ಟಿ, ರಾಟೆಗೆ ಮುಖಮಾಡಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುವುದು; ಕಣ್ಣಿದ್ದವರಿಗೂ ಅದೇ ಕ್ರಮ. ಓಮನ ಫೋನಿನ ಮೇಲೆ ಬಗ್ಗಿ ಮತ್ತೆ ನೋಡಿದಳು. ಹಗ್ಗ ಬೆಳೆಯುತ್ತಿರಲಿಲ್ಲ, ನಾದಿನಿಯ ಬೆರಳುಗಳೊಳಗೆ ಕರಗಿ ಮಾಯವಾಗುತ್ತಿತ್ತು.

"ಅಯ್ಯೋ ದೇವರೇ, ನುಂಗ್ತಿದ್ದಾಳೆ! ಇಷ್ಟು ಸಲ ನೋಡಿದ್ರೂ ನಂಗ್ಯಾಕೆ ಗೊತ್ತಾಗ್ಲಿಲ್ಲ?"

"ಅಳು ಕೇಳ್ತಾ ಕೂತಿದ್ರಲ್ಲ," ಎಂದಳು ರಜಿತಾ. "ಇದ್ದ ಹಾಗೇ ತೋರಿಸಿದ್ರೆ ಕೆಲಸಗಾರ್ತಿ ಕಾಣ್ತಾಳೆ. ವಿಡಿಯೊನ ಹಿಂದುಮುಂದಾಗಿ ಓಡಿಸಿದ್ರೆ ಅನಾಥೆ. ಅವನಿಗೆ ಅನಾಥೆಯೇ ಬೇಕಿತ್ತು."

"ಲಕ್ಷ ಜನ ನೋಡಾಯ್ತು. ಇನ್ನೇನು ಮಾಡೋಕಾಗುತ್ತೆ?" ಎಂದಳು ಓಮನ.

"ತೆಗೆಸಬಹುದು." ರಜಿತಾ ವಿಡಿಯೊದ ಮೇಲೆ ದೂರು ದಾಖಲಿಸಿದಳು. ಚಾನೆಲ್‌ನಲ್ಲಿದ್ದ ನಂಬರಿಗೆ ಕರೆ ಮಾಡಿ ಫೋನನ್ನು ವಿಲಾಸಿನಿಯ ಕೈಗಿತ್ತಳು.

"ಮಗಾ, ನಾನು ವಿಲಾಸಿನಿ. ನನ್ನ ಹೆಸರಲ್ಲಿ ಅಳ್ತಾ ಇರೋಳು ಯಾರು?"

ಆ ಕಡೆ ಪೇಟೆಯವನು ತಡವರಿಸಿದ. "ಚೇಚಿ... ನಿಮಗೆ ಒಳ್ಳೇದಾಗ್ಲಿ ಅಂತ..."

"ಭಾಳ ಒಳ್ಳೇದಾಯ್ತು. ಇದ್ದ ಕೆಲಸ ಹೋಯ್ತು. ತೆಗಿ ಅದನ್ನ."

ಸಂಜೆಯ ಹೊತ್ತಿಗೆ ಅವನು ತೆಗೆದ. ಓಮನ ತನ್ನ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. "ನಾಳೆಗೆ ನಾರು ಬಿಡಿಸಿಟ್ಟಿದ್ದೀನಿ. ತಡ ಮಾಡಿದ್ರೆ ನೋಡು ಮತ್ತೆ," ಎಂದು ಗದರಿದಳಷ್ಟೆ. ವಿಲಾಸಿನಿಗೆ ಅಷ್ಟು ಸಾಕಿತ್ತು.

ಆದರೆ ಅಷ್ಟರಲ್ಲಿ ಜನ ಹಂಚಿಕೊಂಡ ಪ್ರತಿಗಳನ್ನು ಯಾರೂ ಹಿಂದಕ್ಕೆ ತರಲಾರರು. ಎಲ್ಲೋ ಒಂದು ಫೋನಿನಲ್ಲಿ ಆ ಹೆಂಗಸು ಈಗಲೂ ಹಗ್ಗ ನುಂಗುತ್ತ, ಅಳುತ್ತ, ಮುಂದೆ ಬರುತ್ತಿದ್ದಾಳೆ. ನಾಳೆ ನಿಮ್ಮಲ್ಲಿಗೂ ಬಂದಾಳು. ಅವಳನ್ನು ಮುಂದಿನ ಮನೆಗೆ ಕಳಿಸಬೇಡಿ. ಅಂಗವಿಕಲರ ವಿಡಿಯೊ ಕಂಡರೆ, ಮಾತಾಡುತ್ತಿರುವುದು ಅವರೇನಾ ಎಂದು ಒಮ್ಮೆ ಕೇಳಿಕೊಳ್ಳಿ. ಕ್ಯಾಮೆರಾ ನಿಮ್ಮ ಕೈಯಲ್ಲಿದ್ದರೆ ಅವರ ಒಪ್ಪಿಗೆ ಪಡೆಯಿರಿ, ಊರಿಗೆ ತೋರಿಸುವ ಮೊದಲು ಅವರಿಗೆ ಕೇಳಿಸಿ, ತೋರಿಸಿ. ಅವರು ಬೇಡವೆಂದರೆ, ಬೇಡ.