ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಬಾತುಕೋಳಿ

ನಮ್ಮ ಯಜಮಾನರಿಗೆ ಸ್ಟ್ರೋಕ್ ಆದದ್ದು ದೋಸೆ ತಿನ್ನುವಾಗ. ಅವರಿಗೆ ಚಟ್ನಿ ಬೇಕಿತ್ತು. ಬಟ್ಟಲನ್ನು ತೋರಿಸಿ, "ಬೀಗ ಹಾಕು" ಎಂದರು.

"ಯಾವ ಬೀಗ ರೀ?" ಎಂದೆ.

"ಬೀಗ, ಬೀಗ!" ಎಂದು ಕಣ್ಣು ಕೆಂಪಗೆ ಮಾಡಿದರು.

ಚಿಕ್ಕಲಸಂದ್ರದಲ್ಲಿ ಅರ್ಧ ಆಯುಸ್ಸು ಹಾರ್ಡ್‌ವೇರ್ ಅಂಗಡಿ ನಡೆಸಿದವರ ಬಾಯಲ್ಲಿ ಬೀಗ ಬಂದರೆ ಆಶ್ಚರ್ಯವೇನು ಎಂದುಕೊಂಡೆ. ಅಷ್ಟರಲ್ಲಿ ಬಲಗೈಯಲ್ಲಿದ್ದ ದೋಸೆಯ ತುಂಡು ಜಾರಿ ಪಂಚೆಯ ಮೇಲೆ ಬಿತ್ತು. ಅದನ್ನು ಎತ್ತಿಕೊಳ್ಳಲು ನೋಡಿದರು, ಕೈ ಏಳಲಿಲ್ಲ. ನಾನು ಓಡಿಹೋಗಿ ಮಗಳಿಗೆ ಫೋನ್ ಮಾಡಿದೆ.

ಮಗಳು ಸಿರಿ ಜೆ.ಪಿ. ನಗರದಿಂದ ಕಾರು ತರುವ ಹೊತ್ತಿಗೆ ಕೈ ಆಡತೊಡಗಿತ್ತು. ಮಾತೂ ತೊದಲುತ್ತ ತೊದಲುತ್ತ ವಾಪಸು ಬಂದಿತ್ತು. "ಪಿತ್ತ ಕಣೇ ಇದು. ಒಂದು ಲೋಟ ಜೀರಿಗೆ ಕಷಾಯ ಕೊಡು, ಸರಿಹೋಗುತ್ತೆ" ಎಂದು ಕುರ್ಚಿ ಬಿಟ್ಟು ಏಳದೆ ಕೂತರು. ಸಿರಿ ಅದನ್ನೆಲ್ಲ ಕೇಳುವವಳಲ್ಲ, ನನ್ನ ಮಗಳು. ಚಟ್ನಿಯ ಕಲೆಯಾದ ಪಂಚೆಯಲ್ಲೇ ಅಪ್ಪನನ್ನು ಕಾರು ಹತ್ತಿಸಿದಳು.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು, ಕತ್ತಿನ ಸ್ಕ್ಯಾನ್ ಆಯಿತು. ಕತ್ತಿನ ಎಡಗಡೆ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವೊಂದಿದೆಯಂತೆ. ಅದರೊಳಗೆ ಕೊಬ್ಬು ಕಟ್ಟಿ, ರಕ್ತಕ್ಕೆ ನೂಲೆಳೆಯಷ್ಟು ದಾರಿ ಉಳಿದಿತ್ತು. ಅಲ್ಲಿಂದ ಒಂದು ಚೂರು ಕಿತ್ತುಕೊಂಡು ಮೇಲೆ ಹೋಗಿ, ಮಾತು ಹುಟ್ಟುವ ಜಾಗದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಇದನ್ನೆಲ್ಲ ಬಿಡಿಸಿ ಹೇಳಿದವರು ರಕ್ತನಾಳದ ಆಪರೇಷನ್ ಮಾಡುವ ಡಾಕ್ಟರ್ ಸುಮೇಧ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ದನಿ ಮಾತ್ರ ಹೆಡ್‌ಮಿಸ್ಟ್ರೆಸ್ಸಿನದು.

"ಅಂದ್ರೆ ಪೈಪು ಕಟ್ಕೊಂಡಿದೆ ಅನ್ನಿ" ಎಂದರು ನಮ್ಮವರು.

"ಕರೆಕ್ಟಾಗಿ ಹೇಳಿದ್ರಿ ಸಾರ್."

"ಯಾವ್ದಾದ್ರೂ ಲಿಕ್ವಿಡ್ ಬಿಟ್ಟು ಕರಗಿಸೋಕಾಗಲ್ವಾ? ಸಿಂಕ್ ಕಟ್ಕೊಂಡ್ರೆ ನಮ್ಮಂಗ್ಡೀಲಿ ಕೊಡ್ತಿದ್ವಲ್ಲ."

ಡಾಕ್ಟರು ನಕ್ಕರು. "ಮಾತ್ರೆ ಕೊಟ್ಟೇ ಕೊಡ್ತೀವಿ ಸಾರ್. ಆದ್ರೆ ಇಷ್ಟೊಂದು ಕಟ್ಟಿರೋದು ಮಾತ್ರೆಗೆ ಕರಗಲ್ಲ. ಕತ್ತಲ್ಲಿ ಕುಯ್ದು, ನಾಳ ತೆರೆದು, ಕೊಬ್ಬು ತೆಗೆದು ಹೊಲೀಬೇಕು. ಒಂದ್ಸಲ ಸ್ಟ್ರೋಕ್ ಆದವ್ರಿಗೆ ಇನ್ನೊಂದು ಆಗೋ ಭಯ ಮೊದಲ ಎರಡು ವಾರದಲ್ಲೇ ಜಾಸ್ತಿ. ಅದು ದೊಡ್ಡದಾದ್ರೆ ಮಾತು ಪೂರ್ತಿ ಹೋಗ್ಬಹುದು. ತಡ ಮಾಡ್ಬೇಡಿ."

ಅವರು ಒಪ್ಪಿದರು. ನಾನು ಮನಸ್ಸಿನಲ್ಲೇ ಕೈಮುಗಿದೆ. ಆಗ ಡಾಕ್ಟರು, "ಆವತ್ತು ಮೈಮೇಲೆ ಏನೂ ಇರ್ಬಾರ್ದು. ಉಂಗುರ, ಉಡದಾರ, ಕತ್ತಲ್ಲಿರೋದು, ಎಲ್ಲ ಮನೇಲೇ ತೆಗೆದಿಟ್ಟು ಬನ್ನಿ" ಎಂದುಬಿಟ್ಟರು.

ನಮ್ಮವರ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಅಂಗಿಯೊಳಗೆ ಬೆಳ್ಳಿಯ ಕರಡಿಗೆ, ಅದರಲ್ಲಿ ಇಷ್ಟಲಿಂಗ. ನಾವು ಲಿಂಗಾಯತರು. ಹುಟ್ಟಿದ ಮಗುವಿಗೆ ಕಟ್ಟಿದ ಲಿಂಗ ಕೊನೆಯ ತನಕ ಮೈ ಬಿಟ್ಟು ಹೋಗಬಾರದು.

"ಇದು ತೆಗೆದಿಡೋದಲ್ಲ ಡಾಕ್ಟ್ರೇ" ಎಂದರು. "ನಾನು ಹೋದ್ಮೇಲೂ ಇದು ನನ್ ಕೈಯಲ್ಲೇ ಮಣ್ಣಿಗೆ ಹೋಗೋದು."

"ಸಾರ್, ಆಪರೇಷನ್ನೇ ಕತ್ತಿಗೆ."

"ಹಂಗಾದ್ರೆ ಆಪರೇಷನ್ ಬೇಡ ಬಿಡಿ" ಎಂದು ಎದ್ದು ನಿಂತರು.

ಕಾರಿನಲ್ಲಿ ನಾನು ಬೈದೆ, ಸಿರಿ ಅತ್ತಳು. ಪರಮಶಿವಯ್ಯ ಎಂಬ ಹೆಸರಿಗೆ ತಕ್ಕಂತೆ ಅವರು ಕಣ್ಣು ಮುಚ್ಚಿ ಕೂತಿದ್ದರು. ನನ್ನ ಕತ್ತಿನಲ್ಲೂ ಲಿಂಗವಿದೆ, ಅದರ ಬೆಲೆ ನನಗೂ ಗೊತ್ತು. ಆದರೆ ನನಗೆ ಈ ಮನುಷ್ಯರೂ ಬೇಕಿತ್ತು. ಮಾತಾಡುವ ಮನುಷ್ಯರೇ ಬೇಕಿತ್ತು.

ಆ ದಿನಗಳಲ್ಲಿ ನಾನು ಪಟ್ಟ ಪಾಡು ಯಾರಿಗೂ ಬೇಡ. ಬೆಳಿಗ್ಗೆ ಎದ್ದ ಕೂಡಲೇ ಅವರ ಮುಂದೆ ತರಕಾರಿ ಹಿಡಿದು, "ಇದೇನು ಹೇಳಿ?" ಎಂದು ಕೇಳುತ್ತಿದ್ದೆ. "ಹೀರೇಕಾಯಿ ಕಣೇ, ನಿಂಗೇನು ತಲೆ ಕೆಟ್ಟಿದ್ಯಾ?" ಎಂದು ರೇಗುತ್ತಿದ್ದರು. ಅವರು ರೇಗಿದರೆ ನನಗೆ ಸಮಾಧಾನ. ಬಚ್ಚಲಿಗೆ ಹೋದವರು ಸ್ವಲ್ಪ ತಡ ಮಾಡಿದರೂ ಬಾಗಿಲು ತಟ್ಟುತ್ತಿದ್ದೆ. ಒಂದು ಮಧ್ಯಾಹ್ನ ಮಜ್ಜಿಗೆಯ ಲೋಟ ಹಿಡಿದುಕೊಂಡು, "ಇದಕ್ಕೆ ಸ್ವಲ್ಪ... ಸ್ವಲ್ಪ..." ಎಂದು ನಿಂತೇಬಿಟ್ಟರು. ಉಪ್ಪು ಎನ್ನುವ ಮಾತು ಬರಲಿಲ್ಲ. ಆಮೇಲೆ ಬಂತು. ಆದರೆ ಅವರ ಕಣ್ಣಿನಲ್ಲಿ ಹೆದರಿಕೆ ಕಂಡಿತು, ಅದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಚಪ್ಪಲಿ ಮೆಟ್ಟಿಕೊಂಡು ಆಟೋ ಹತ್ತಿದೆ. ಡಾಕ್ಟರ ಮುಂದೆ ಕೂತು, "ಏನಾದ್ರೂ ದಾರಿ ಮಾಡಿ ತಾಯಿ. ಅವ್ರು ಹಟಮಾರಿ, ಲಿಂಗ ಬಿಟ್ಟು ಬರಲ್ಲ" ಎಂದೆ.

ಅವರು ಬೇಸರಿಸಿಕೊಳ್ಳಲಿಲ್ಲ. ಲಿಂಗ ಎಷ್ಟು ದೊಡ್ಡದು, ಯಾವುದರಿಂದ ಮಾಡಿದ್ದು, ಎಲ್ಲ ಕೇಳಿದರು. ಕರಡಿಗೆ ಬಿಟ್ಟು ಬರಿಯ ಲಿಂಗ ಕೈಯಲ್ಲಿದ್ದರೂ ಮೈಮೇಲೆ ಇದ್ದ ಲೆಕ್ಕವೇ ಎಂದು ಕೇಳಿದರು. "ಕೈಯೇ ಅದರ ಜಾಗ ತಾಯಿ, ಎಡಗೈ" ಎಂದೆ. ಅವರ ಮುಖ ಅರಳಿತು.

"ಹಾಗಾದ್ರೆ ಆಯ್ತು ಬಿಡಿ. ಅವ್ರ ಶ್ವಾಸಕೋಶ ಅಷ್ಟಕ್ಕಷ್ಟೆ. ಅದಕ್ಕೇ ಪೂರ್ತಿ ಮಲಗಿಸದೆ, ಕತ್ತು ಮಾತ್ರ ಮರಗಟ್ಟಿಸಿ ಮಾಡೋಣ ಅಂತಿದ್ದೆ. ಎಚ್ಚರ ಇರ್ತಾರೆ. ಕತ್ತಿನ ಎಡಗಡೆ ರಕ್ತ ಕಮ್ಮಿಯಾದ್ರೆ ಮಾತಲ್ಲಿ, ಬಲಗೈಯಲ್ಲಿ ಗೊತ್ತಾಗುತ್ತೆ. ಅದಕ್ಕೆ ಮಾತಾಡಿಸ್ತಾ ಇರ್ತೀವಿ, ಬಲಗೈಲಿ ಒಂದು ಆಟಿಕೆ ಕೊಟ್ಟು ಒತ್ತಿಸ್ತೀವಿ. ಎಡಗೈ ಖಾಲಿ."

ಮನೆಗೆ ಬಂದು ಹೇಳಿದಾಗ ಯಜಮಾನರು ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಕೊನೆಗೆ, "ಆ ಹುಡುಗಿಗೆ ಬುದ್ಧಿ ಇದೆ" ಎಂದರು. ನನ್ನ ಬುದ್ಧಿಯ ಬಗ್ಗೆ ಒಂದು ಮಾತಿಲ್ಲ!

ಆಪರೇಷನ್ ದಿನ ಬೆಳಿಗ್ಗೆ ಕರಡಿಗೆ ತೆರೆದು ಲಿಂಗವನ್ನು ಅವರ ಅಂಗೈಗೆ ನಾನೇ ಇಟ್ಟೆ. ನರ್ಸ್ ಭಾಗ್ಯಜ್ಯೋತಿ ಅದನ್ನೂ ಕೈಯನ್ನೂ ಅದೇನೋ ಔಷಧಿಯಲ್ಲಿ ಒರೆಸಿ, ಮೇಲೆ ಬಿಳಿ ಬಟ್ಟೆ ಸುತ್ತಿದಳು. ಇನ್ನೊಂದು ಕೈಗೆ ಹಳದಿ ರಬ್ಬರಿನ ಬಾತುಕೋಳಿ ಕೊಟ್ಟಳು. ಒತ್ತಿದರೆ ಕೀಂ ಎನ್ನುತ್ತದೆ. ತಳ್ಳುಗಾಡಿಯ ಮೇಲೆ ಮಲಗಿ, ಒಂದು ಕೈಯಲ್ಲಿ ಶಿವನನ್ನೂ ಇನ್ನೊಂದರಲ್ಲಿ ಬಾತುಕೋಳಿಯನ್ನೂ ಹಿಡಿದು ಒಳಗೆ ಹೋದರು. ನಾನೂ ಸಿರಿಯೂ ನಗಬೇಕೋ ಅಳಬೇಕೋ ತಿಳಿಯದೆ ಬಾಗಿಲ ಹೊರಗೆ ಕೂತೆವು.

ಕೂತು ಬಹಳ ಹೊತ್ತಾದ ಮೇಲೆ ಬಾಗಿಲು ದಡಾರನೆ ತೆರೆಯಿತು. ಭಾಗ್ಯಜ್ಯೋತಿ, ಕೈಯಲ್ಲಿ ಮೊಬೈಲು.

"ಆಂಟಿ, ಅಂಕಲ್‌ಗೆ ಕಿವಿ ಕೇಳ್ಸುತ್ತಾ?"

ನಾನು ಎದ್ದು ನಿಂತೆ. "ಚೆನ್ನಾಗೇ ಕೇಳ್ಸುತ್ತೆ. ಯಾಕಮ್ಮಾ?"

"ಇಷ್ಟೊತ್ತು ಚೆನ್ನಾಗಿ ಮಾತಾಡ್ತಿದ್ರು. ನಾಳ ತೆರೆಯೋ ಮುಂಚೆ ರಕ್ತ ತಡೆಯೋಕೆ ಕ್ಲಿಪ್ ಹಾಕಿ ಟೆಸ್ಟ್ ಮಾಡಿದ್ವಿ. ತಕ್ಷಣ ಮಾತು ನಿಂತೋಯ್ತು. ಬಾತುಕೋಳಿ ಕೈಯಿಂದ ಬಿಟ್ಬಿಟ್ರು. ಡಾಕ್ಟ್ರು ಕ್ಲಿಪ್ ತೆಗೆದ್ರು, ಆದ್ರೂ ಮಾತಿಲ್ಲ. ಕಣ್ಣು ಮುಚ್ಕೊಂಡಿದ್ದಾರೆ."

ಸಿರಿ ಗೋಡೆಗೆ ಒರಗಿದಳು. ಯಾವ ಮಾತಿಗಾಗಿ ಇಷ್ಟೆಲ್ಲ ಮಾಡಿದೆವೋ ಆ ಮಾತೇ ಹೋಯಿತಲ್ಲ! "ತುಟಿ ಆಡ್ತಿದ್ಯೇನಮ್ಮಾ?" ಎಂದೆ. ಯಾಕೆ ಹಾಗೆ ಕೇಳಿದೆನೋ ನನಗೇ ಗೊತ್ತಿಲ್ಲ.

"ಹ್ಞೂಂ ಆಂಟಿ. ಸಣ್ಣದಾಗಿ ಏನೋ ಆಡ್ತಿದೆ. ಎಡಗೈನ ಎದೆ ಮೇಲೆ ತಂದಿಟ್ಕೊಂಡಿದ್ದಾರೆ."

ಅಯ್ಯೋ ಶಿವನೇ! ಲಿಂಗವನ್ನು ಕರಡಿಗೆಯಿಂದ ತೆಗೆದು ಎಡಗೈಗೆ ಕೊಟ್ಟರೆ ಆ ಮನುಷ್ಯರು ಇನ್ನೇನು ಮಾಡುತ್ತಾರೆ? ಬುದ್ಧಿ ಬಂದಾಗಿನಿಂದ ಮಾಡಿದ್ದನ್ನೇ ಮಾಡುತ್ತಾರೆ. ಕ್ಲಿಪ್ ಅಂದ ಕೂಡಲೇ ಹೆದರಿ ಪೂಜೆಗೆ ಕೂತಿದ್ದಾರೆ! ಪೂಜೆ ಮುಗಿಯುವ ತನಕ ಮನೆಯ ಸೂರು ಕಿತ್ತು ಬಿದ್ದರೂ ಅವರು ತುಟಿ ಬಿಚ್ಚಿ ಮಾತಾಡಿದವರಲ್ಲ. ಇನ್ನು ಬಾತುಕೋಳಿಯನ್ನು ಕೀಂಗುಡಿಸುತ್ತ ಶಿವಪೂಜೆ ಮಾಡುವುದುಂಟೇ? ಇದನ್ನು ಡಾಕ್ಟರಿಗೆ ಹೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ಫೋನು ನಮ್ಮವ್ರ ಕಿವಿಗೆ ಹಿಡಿಯಮ್ಮಾ" ಎಂದೆ. ಭಾಗ್ಯಜ್ಯೋತಿ ಸಿರಿಯ ನಂಬರಿಗೆ ಕರೆ ಮಾಡಿ, ತನ್ನ ಮೊಬೈಲು ಹಿಡಿದುಕೊಂಡು ಒಳಗೆ ಓಡಿದಳು. ಸಿರಿಯ ಫೋನನ್ನು ನಾನು ಕಿವಿಗೆ ಹಿಡಿದೆ. ಇದು ಬರಿಯ ನನ್ನ ಆಸೆಯೇ ಆಗಿದ್ದರೆ? ತುಟಿ ಸುಮ್ಮನೆ ಅದುರುತ್ತಿದ್ದರೆ?

"ರೀ" ಎಂದೆ. ಯಾವುದೋ ಯಂತ್ರದ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು.

"ರೀ, ಅದು ದೇವರ ಮನೆ ಅಲ್ಲ, ಆಪರೇಷನ್ ಥಿಯೇಟರು. ಡಾಕ್ಟ್ರು ಹೆದರಿಕೊಂಡಿದ್ದಾರೆ. ಪೂಜೆ ಆಮೇಲೆ ಮಾಡ್ಕೊಳ್ಳಿ, ಮೊದ್ಲು ಬಾಯಿ ಬಿಡಿ!"

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಬಂತು, ಸಿಡಿಲಿನ ಹಾಗೆ.

"ಪೂಜೇಲಿರೋನ್ನ ಮಾತಾಡಿಸಬಾರ್ದು ಅನ್ನೋದು ನಿಂಗೆ ಮದುವೆಯಾಗಿ ಇಷ್ಟು ವರ್ಷ ಆದ್ರೂ ತಿಳಿಲಿಲ್ವಲ್ಲೇ! ಆಸ್ಪತ್ರೇಲೂ ನೆಮ್ಮದಿಯಾಗಿರೋಕೆ ಬಿಡಲ್ವಲ್ಲ ನೀನು!"

ಒಂದೂ ಮಾತು ತಡವರಿಸಲಿಲ್ಲ. ಒಂದೂ ಮಾತು ಜಾಗ ತಪ್ಪಲಿಲ್ಲ. ಅಷ್ಟು ಸೊಗಸಾದ ಬೈಗುಳವನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಹೋದ ಜೀವ ಬಂದ ಹಾಗಾಯಿತು.

ಡಾಕ್ಟರ ದನಿ ಕೇಳಿಸಿತು. "ಅಮ್ಮಾ, ಕಮ್ಮಿ ಹೆದರಿಸ್ಲಿಲ್ಲ ಇವ್ರು. ಈಗ ಮತ್ತೆ ಕ್ಲಿಪ್ ಹಾಕ್ತೀವಿ, ಇನ್ಮುಂದೆ ಮಾತು ನಿಲ್ಲಬಾರ್ದು. ನಾನು ಕೇಳಿದ್ರೆ ಒಂದೊಂದೇ ಪದ ಆಡ್ತಾರೆ, ನೀವು ಕೇಳಿದ್ರೆ ಹೀಗೆ. ಲೈನಲ್ಲೇ ಇರಿ. ಏನಾದ್ರೂ ಮಾತಾಡಿಸ್ತಾ ಇರಿ."

ಕಾಲು ಕೆರೆದುಕೊಂಡು ಜಗಳ ತೆಗೆಯುವುದನ್ನು ನನಗೆ ಕಲಿಸಬೇಕೇ? ಇಟ್ಟಮಡುವಿನಲ್ಲಿರುವ ನನ್ನ ತಮ್ಮ ಕೈಲಾಸನಿಂದ ಶುರು ಮಾಡಿದೆ. "ನಮ್ ಕೈಲಾಸನ್ನ ಕಂಡ್ರೆ ನಿಮಗ್ಯಾಕೆ ಅಷ್ಟು ಉರಿ?" ಎಂದೆ. ಅವನು ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸುವುದು, ಟೀಪಾಯಿಯ ಮೇಲೆ ಕಾಲು ಹಾಕುವುದು, ಎಲ್ಲ ಹೊರಬಂತು. ಅದು ತಣ್ಣಗಾಗುತ್ತಿದ್ದ ಹಾಗೆ ಮನೆಯ ಬಣ್ಣಕ್ಕೆ ಬಂದೆ. ಪೇಂಟು ಮಾರುವವರ ಮನೆಗೆ ಪಿಸ್ತಾ ಹಸಿರು ಹೊಡೆಸಿದ್ದು ಬೀದಿಗೇ ನಗೆಪಾಟಲು ಎಂದೆ. ಆ ಹಸಿರು ಎಷ್ಟು ತಂಪು, ನನಗೆ ಬಣ್ಣದ ಗಂಧವೂ ಹೇಗೆ ಗೊತ್ತಿಲ್ಲ ಎಂದು ಅವರು ಭಾಷಣವನ್ನೇ ಮಾಡಿದರು. ನಡುನಡುವೆ ಕೀಂ, ಕೀಂ ಎಂದು ಬಾತುಕೋಳಿ. ಒಳಗೆ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಸಿರಿ ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ಒಂದು ಸಲ ಅವರು "ಅದೇ ಆ..." ಎಂದು ನಿಂತಾಗ ನನ್ನ ಉಸಿರೂ ನಿಂತಿತು. "...ಸುಣ್ಣದ ಕಾಲ ಹೋಯ್ತು" ಎಂದು ಮುಂದುವರಿಸಿದರು.

ನನ್ನ ಗಂಟಲು ಒಣಗಿತ್ತು, ಜಗಳದ ಸರಕೂ ಮುಗಿಯುತ್ತ ಬಂದಿತ್ತು. ಆಗ ಡಾಕ್ಟರು, "ಆಯ್ತಮ್ಮಾ. ಕೊಬ್ಬು ತೆಗೆದು ಹೊಲಿದಾಯ್ತು, ಕ್ಲಿಪ್ಪೂ ತೆಗೆದ್ವಿ. ರಕ್ತ ಸಲೀಸಾಗಿ ಹರೀತಿದೆ. ಇನ್ನು ಜಗಳ ನಿಲ್ಲಿಸಬಹುದು ನೀವು" ಎಂದರು.

ನಾನು ಏನಾದರೂ ಹೇಳಬೇಕಿತ್ತು, ಕೃತಜ್ಞತೆಯ ಒಂದು ಮಾತು. ಬರಲಿಲ್ಲ. ಅಷ್ಟು ದಿನ ಕಟ್ಟಿಟ್ಟಿದ್ದ ಅಳು ಒಮ್ಮೆಲೇ ಗಂಟಲಿಗೆ ಬಂದು ನಿಂತುಬಿಟ್ಟಿತು. ಫೋನನ್ನು ಕಿವಿಗೆ ಒತ್ತಿ ಹಿಡಿದು, ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಅತ್ತೆ.

"ಮೀನಾಕ್ಷೀ?" ಎಂದರು ಅವರು. "ಏನೇ? ಬಾಯ್ಬಿಟ್ಟು ಏನಾದ್ರೂ ಹೇಳೇ."

ನನಗೆ ಆಗಲಿಲ್ಲ.

"ಡಾಕ್ಟ್ರೇ" ಎಂದು ಅವರು ಒಳಗೆ ಗಾಬರಿಯಿಂದ ಕೂಗುವುದು ಕೇಳಿಸಿತು. "ನಂದು ಆಮೇಲೆ ನೋಡ್ಕೊಳ್ಳಿ. ಅವ್ಳು ಮಾತಾಡ್ತಿಲ್ಲ. ಯಾರಾದ್ರೂ ಬೇಗ ಹೊರಗೆ ಹೋಗಿ ನೋಡ್ರಪ್ಪಾ, ಅವ್ಳಿಗೇನೋ ಆಗಿದೆ!"