ಡ್ರೈವರಣ್ಣ ಹೇಳಿದ್ದು, ನೆನಪಿದ್ದಷ್ಟು

ಪ್ರಿಂಟರ್ ಹಾಳೆಯನ್ನು ಅರ್ಧ ನುಂಗಿ ಬಾಯಿ ಮುಚ್ಚಿಕೊಂಡಿತು. ರಿಪೇರಿಯವನು ಮುಚ್ಚಳ ಎತ್ತಿ, ಎರಡು ಬೆರಳು ತೂರಿಸಿ, ಸುಕ್ಕಾದ ಹಾಳೆಯನ್ನು ಹರಿಯದ ಹಾಗೆ ಮೆಲ್ಲಗೆ ಹಿಂದಕ್ಕೆ ಎಳೆಯುತ್ತಿದ್ದ. ಪಕ್ಕದ ಕೋಣೆಯಲ್ಲಿ ಟೈಪಿಂಗ್ ಅಕ್ಕನನ್ನು ಮಲಗಿಸಿದ್ದರು. ನಡುವೆ ಬಾಗಿಲಿರಲಿಲ್ಲ, ಒಂದು ಪರದೆ ಇತ್ತು ಅಷ್ಟೆ. ಅಲ್ಲಿ ಯಾರು ಸೀನಿದರೂ ಇಲ್ಲಿಗೆ ಕೇಳುತ್ತಿತ್ತು.

"ಬಂತೇನಪ್ಪ ಅರ್ಜಿ?" ಅಕ್ಕನ ತಂಗಿ ಪರದೆ ಸರಿಸಿ ಇಣುಕಿದಳು. ಅತ್ತು ಅತ್ತು ದನಿ ಕಟ್ಟಿತ್ತು. "ಎತ್ತೋದಕ್ಕೆ ಮುಂಚೆ ಸ್ಮಶಾನದ ಕಚೇರಿಗೆ ಕೊಡ್ಬೇಕಂತೆ."

"ಬಂತು ಚಿಕ್ಕಕ್ಕ. ಹಾಳೆ ಸಿಕ್ಕಾಕ್ಕೊಂಡಿದೆ. ಐದೇ ನಿಮಿಷ."

ಈ ಬೀದಿಯಲ್ಲಿ ಯಾರು ಸತ್ತರೂ ಆ ಅರ್ಜಿ ಹೊರಡುತ್ತಿದ್ದದ್ದು ಇದೇ ಕಂಪ್ಯೂಟರಿನಿಂದ. ಹೆಸರು, ವಯಸ್ಸು, ವಿಳಾಸ, ಸತ್ತ ಹೊತ್ತು ಎಂದು ನಾಲ್ಕು ಜಾಗ ಖಾಲಿ ಬಿಟ್ಟು ಅಕ್ಕ ಅದನ್ನು ಸಿದ್ಧ ಮಾಡಿಟ್ಟಿದ್ದಳು. ಬಾಡಿಗೆ ಕರಾರು, ರಜೆ ಚೀಟಿ, ಮದುವೆ ಕರೆಯೋಲೆ, ಅತ್ತೆಯ ಮೇಲೆ ದೂರು, ಸೊಸೆಯ ಮೇಲೆ ದೂರು, ಏನೇ ಇರಲಿ ಜನ ಬರುತ್ತಿದ್ದದ್ದು ಇಲ್ಲಿಗೆ. ಮೂವತ್ತೊಂದು ವರ್ಷ ಈ ಕೋಣೆಯಲ್ಲಿ ಕೂತು ಕಂಡವರ ಮಾತನ್ನೆಲ್ಲ ಟೈಪಿಸಿದಳು. ಒಂದೇ ದಿನ ಅತ್ತೆ ಸೊಸೆ ಇಬ್ಬರ ದೂರನ್ನೂ ಟೈಪಿಸಿ, ಇಬ್ಬರಿಗೂ ತಣ್ಣನೆ ನೀರು ಕೊಟ್ಟು ಕಳಿಸಿದ್ದೂ ಉಂಟು. ಈವತ್ತು ಆ ನಾಲ್ಕು ಖಾಲಿ ಜಾಗದಲ್ಲಿ ಅವಳದ್ದನ್ನೇ ತುಂಬಬೇಕಾಗಿ ಬಂತು. ತುಂಬಲು ಸಿಕ್ಕವನಾದರೂ ಎಂಥವನು ಅಂತೀರಿ!

ಪರದೆಯ ಆಚೆ ಮಾತು ನಡೆದಿತ್ತು.

"ಎಂಥಾ ಕೈ ಅಮ್ಮ ಅವಳದ್ದು! ಕೀಬೋರ್ಡ್ ಕಡೆ ನೋಡ್ತಾನೇ ಇರ್ಲಿಲ್ಲ," ಎಂದಳು ಎದುರುಮನೆಯಾಕೆ.

"ನಾನು ಕೋಪದಲ್ಲಿ ಯಾರ್ಯಾರ್ಗೋ ಬೈದು ಕಾಗದ ಬರ್ಸಕ್ಕೆ ಬಂದ್ರೆ," ಬೇಕರಿಯವನು ಹೇಳಿದ, "'ಇದನ್ನ ನಾಳೆ ಬರಿಯೋಣ ಹೋಗಣ್ಣ' ಅಂತ ಕಳಿಸೋಳು. ನಾಳೆ ಬರೋಷ್ಟರಲ್ಲಿ ಕೋಪಾನೇ ಇರ್ತಿರ್ಲಿಲ್ಲ."

ನಾಲ್ಕು ಜನ ನಕ್ಕರು. ಸಾವಿನ ಮನೆಯ ನಗು, ಬಂದಷ್ಟೇ ಬೇಗ ತಗ್ಗಿತು.

"ಎಲ್ಲಾ ಸರಿ, ಆ ಒಂದ್ಸಲ ಮಾತ್ರ ಕೈಕೊಟ್ಳು ನೋಡಿ," ಮತ್ತೆ ಬೇಕರಿಯವನೇ. "ಊರೋರ ಕಾಗದ ಎಲ್ಲಾ ಕಳ್ದಾಕಿ ಕೂತ್ಳಲ್ಲ."

"ಕಂಪ್ಯೂಟರ್ ಡಬ್ಬ ಕರಕರ ಅಂತಿದೆ, ತೋರ್ಸು ತೋರ್ಸು ಅಂತ ನಾನೇ ಬಡ್ಕೊಂಡಿದ್ದೆ," ಎಂದಳು ಎದುರುಮನೆಯಾಕೆ. " ಉದಾಸೀನ! ಪಾಪ, ಡ್ರೈವರಣ್ಣನ ಪುಸ್ತಕ ಪೂರ್ತಿ ಹೋಯ್ತು. ಆಮೇಲೆ ಆ ಮನುಷ್ಯ ಈ ಮನೆ ಮೆಟ್ಟಿಲು ಹತ್ತಿಲ್ಲ."

"ಸತ್ತೋರ ವಿಷಯ ಯಾಕೆ ಬಿಡಿ."

"ಸತ್ರು ಅಂತ ಆಗಿದ್ದು ಆಗ್ದೇ ಹೋಗತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಇವನ ಸುದ್ದಿ ಎತ್ತಿರಲಿಲ್ಲ. ಆದರೂ ರಿಪೇರಿಯವನ ಕಿವಿ ಬಿಸಿಯಾಯಿತು, ಬೆರಳು ಜಾರಿ ಹಾಳೆ ಪರ್ರೆಂದು ಹರಿಯಿತು.

*

ಆರು ವರ್ಷದ ಹಿಂದೆ ಅಕ್ಕ ಕಂಪ್ಯೂಟರಿನ ಡಬ್ಬವನ್ನು ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಅವನ ಅಂಗಡಿಗೆ ಬಂದಿದ್ದಳು.

"ಮೂರು ತಿಂಗಳಿಂದ ಒಳಗೇನೋ ಹಲ್ಲು ಕಡೀತಿದೆ ಕಣಪ್ಪ."

ಅವನು ಪಕ್ಕದ ತಗಡು ಬಿಚ್ಚಿ, ಕಿವಿಗೊಟ್ಟು ಕೇಳಿದ. "ಹಾರ್ಡ್ ಡಿಸ್ಕ್ ಅಕ್ಕ. ವಯಸ್ಸಾಯ್ತು ಅದಕ್ಕೆ. ಇನ್ನೂ ಓದ್ತಿದೆ, ಅದೇ ಪುಣ್ಯ. ಹೊಸದು ತಗೊಂಡು, ಇದರಲ್ಲಿರೋದನ್ನೆಲ್ಲ ಅದಕ್ಕೆ ಇಳಿಸಿಬಿಡೋಣ."

"ಹೊರಗಡೆ ವೈರಿನಲ್ಲಿ ಸಿಕ್ಕಿಸ್ತಾರಲ್ಲ, ಅದಾ?"

"ಅದಲ್ಲ, ಇದು ಒಳಗಡೇನೇ ಕೂರೋದು. ಇಲ್ನೋಡಿ, ಇದು ಹೊಸ ಥರದ್ದು. ತಿರುಗೋದೂ ಇಲ್ಲ, ಸದ್ದೂ ಇಲ್ಲ. ಭಾರಿ ಚುರುಕು."

"ಸದ್ದೇ ಇಲ್ದಿದ್ರೆ ಕೆಲ್ಸ ಮಾಡ್ತಿದೆಯೋ ಮಲಗಿದೆಯೋ ಅಂತ ಗೊತ್ತಾಗೋದು ಹೆಂಗೆ? ಬೇಡಪ್ಪ. ಹಳೇದು ಹೆಂಗಿತ್ತೋ ಹಂಗೇ ಕೊಡು. ಅದೇ ಕಂಪನಿ, ಅಷ್ಟೇ ಅಳತೆ."

"ಇದರ ಎರಡರಷ್ಟು ಹಿಡಿಯೋದೂ ಇದೆ ಅಕ್ಕ."

"ಇರೋದನ್ನ ಕಾಪಾಡ್ಕೊಂಡ್ರೆ ಸಾಕಾಗಿದೆ," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಡ್ರೈವರಣ್ಣನ ಪುಸ್ತಕ ಇದೆ ಇದ್ರಲ್ಲಿ. ಎರಡು ವರ್ಷದಿಂದ ಅವರು ತಮ್ಮ ಜೀವನದ ಕಥೆ ಹೇಳ್ತಾರೆ, ನಾನು ಟೈಪ್ ಹೊಡೀತೀನಿ. ನೂರ ನಲವತ್ತು ಪುಟ ಆಗಿದೆ. ಮುಗಿದ ಮೇಲೆ ಒಟ್ಟಿಗೇ ಪ್ರಿಂಟ್ ತೆಗೀಬೇಕು ಅಂತ ಅವರ ಹಟ. ಬೇರೆ ಏನಾದ್ರೂ ಆಗ್ಲಿ, ಮೊದ್ಲು ಅದನ್ನ ನೋಡ್ಕೋ," ಎಂದಳು.

ಎರಡು ಡಿಸ್ಕುಗಳನ್ನು ಜೋಡಿಸಿ ಒಂದರಲ್ಲಿರುವುದನ್ನು ಇನ್ನೊಂದಕ್ಕೆ ನಕಲು ಮಾಡುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಹಳೆಯದಕ್ಕೆ ಒಂದು ಚೂರು ಕೆಂಪು ಟೇಪು ಅಂಟಿಸಿಕೊಳ್ಳುವುದು ರೂಢಿ. ಆ ದಿನ ಟೇಪು ಮುಗಿದಿತ್ತು, ಎದ್ದು ತರಲು ಮೈಗಳ್ಳತನ. ಬಲಗಡೆಯದು ಹಳೆಯದು ಎಂದು ಮನಸ್ಸಿನಲ್ಲೇ ಗುರುತಿಟ್ಟುಕೊಂಡ. ಅಷ್ಟರಲ್ಲಿ ಫೋನ್ ಬಂತು. ಮಾತಾಡುತ್ತಲೇ ಹಳೆಯದನ್ನು ಎತ್ತಿ, ಬ್ರಷ್ಷಿನಿಂದ ಧೂಳು ಹೊಡೆದು, ಕೆಳಗಿಟ್ಟ. ಎಡಗಡೆ ಇಟ್ಟ. ಒಂದೇ ಕಂಪನಿ, ಒಂದೇ ಅಳತೆ, ಅವಳಿ ಮಕ್ಕಳಿದ್ದ ಹಾಗಿದ್ದವು. ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಕಂಪ್ಯೂಟರು ಕೇಳಿತು. ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ, ಯಾರು ಓದುತ್ತಾರೆ? ಸರಿ ಎಂದು ಒತ್ತಿ ಊಟಕ್ಕೆ ಹೋದ. ಉಂಡು ಸಣ್ಣದೊಂದು ನಿದ್ದೆಯನ್ನೂ ತೆಗೆದು ಬಂದು ನೋಡುತ್ತಾನೆ, ಎರಡೂ ಖಾಲಿ. ಹೊಸದರ ಖಾಲಿಯೇ ಹಳೆಯದರ ಮೇಲೆ ನಕಲಾಗಿತ್ತು.

ಸಂಜೆವರೆಗೆ ಬಾಗಿಲು ಹಾಕಿಕೊಂಡು ಗುದ್ದಾಡಿದ. ಒಂದಕ್ಷರ ಹೊರಡಲಿಲ್ಲ.

ಮಾರನೆಯ ದಿನ ಅಕ್ಕ ಬಂದಾಗ ನಿಜ ಹೇಳಬೇಕೆಂದೇ ಎದ್ದು ನಿಂತಿದ್ದ. ಬಾಯಿ ಬೇರೆಯೇ ಹೇಳಿತು. "ಹಳೇದು ಸತ್ತೋಗಿತ್ತು ಅಕ್ಕ. ನಾನು ಮುಟ್ಟೋಷ್ಟರಲ್ಲೇ ಕೈಬಿಡ್ತು. ಮೂರು ತಿಂಗಳ ಹಿಂದೆ ತಂದಿದ್ರೆ..."

ಅವಳು ಸ್ಟೂಲಿನ ಮೇಲೆ ಕೂತಳು. "ಡ್ರೈವರಣ್ಣಂದು?"

"ಏನೂ ಉಳಿದಿಲ್ಲ."

ಎದ್ದು, ಹೊಸ ಡಿಸ್ಕು ಕೂರಿಸಿದ್ದ ಕಂಪ್ಯೂಟರಿನ ಡಬ್ಬವನ್ನು ಟವೆಲಿನಲ್ಲಿ ಸುತ್ತಿಕೊಂಡಳು. "ತಪ್ಪು ನಂದೇ ಬಿಡು. ಉದಾಸೀನ ಮಾಡ್ದೆ. ನೀನು ಬೇಜಾರು ಮಾಡ್ಕೋಬೇಡಪ್ಪ, ನಿನ್ನ ಕೈಲಾದ್ದು ನೀನು ಮಾಡಿದ್ದೀಯ."

ಥೂ, ಆಗಲೂ ಬಾಯಿ ಬಿಡಲಿಲ್ಲ. ಅದಾದ ಮೇಲೆ ಬೀದಿಯಲ್ಲಿ ಯಾರ ಕಂಪ್ಯೂಟರು ಕೆಟ್ಟರೂ ಅಕ್ಕ ಅವನ ಹತ್ತಿರವೇ ಕಳಿಸುತ್ತಿದ್ದಳು. "ಅವನ ಕೈಗೆ ಕೊಡಿ, ನಂಬಿಕಸ್ಥ," ಎನ್ನುತ್ತಿದ್ದಳಂತೆ. ಬಂದವರು ಆ ಮಾತನ್ನು ಅವನಿಗೇ ಹೇಳಿ ಹೋಗುತ್ತಿದ್ದರು.

*

ಅರ್ಜಿಯ ಇನ್ನೊಂದು ಪ್ರತಿ ಸರಿಯಾಗಿ ಬಂತು. ತಂಗಿಗೆ ಕೊಟ್ಟು ಬಂದು ಕಂಪ್ಯೂಟರು ಮುಚ್ಚಲು ಕೂತವನ ಕಣ್ಣಿಗೆ, ಅಕ್ಕ ಕೊನೆಯದಾಗಿ ತೆರೆದಿದ್ದ ಕಡತದ ಹೆಸರು ಬಿತ್ತು: 'ಡ್ರೈವರಣ್ಣ ಹೇಳಿದ್ದು, ನೆನಪಿದ್ದಷ್ಟು'. ಹತ್ತು ದಿನದ ಹಿಂದಿನ ತಾರೀಕು.

ತೆರೆದ. ತೊಂಬತ್ತಾರು ಪುಟ.

'ಮೊದಲ ಸಲ ಬಸ್ಸು ಓಡಿಸಿದ ದಿನ ಬ್ರೇಕಿನ ಮೇಲಿದ್ದ ಕಾಲು ನಡುಗುತ್ತಿತ್ತು. ಕಂಡಕ್ಟರು ಜನರಿಗೆ, ಎಂಜಿನ್ ಹಾಗೆ ಅಲ್ಲಾಡುತ್ತದೆ ಎಂದು ಹೇಳಿ ಮಾನ ಉಳಿಸಿದ. (ಇಲ್ಲಿ ಅಣ್ಣ ಇನ್ನೊಂದು ಮಾತು ಹೇಳಿ ತುಂಬ ಹೊತ್ತು ನಕ್ಕರು. ಆ ಮಾತು ಹೋಗಿದೆ. ತಪ್ಪು ನನ್ನದು.)'

'ಹೆಂಡತಿಯನ್ನು ಮೊದಲು ನೋಡಿದ್ದು ತಲೆ ಮೇಲಿನ ಕನ್ನಡಿಯಲ್ಲಿ. ಮೂರನೇ ಸೀಟು, ಕಿಟಕಿ ಪಕ್ಕ. (ಇಳಿದ ನಿಲ್ದಾಣದ ಹೆಸರು ಹೇಳಿದ್ದರು. ಹೋಗಿದೆ. ತಪ್ಪು ನನ್ನದು.)'

ಕೆಲವು ಪುಟಗಳಲ್ಲಿ ಎರಡೇ ಸಾಲು. ಒಂದು ಪುಟದಲ್ಲಿ ಬರೀ ಆವರಣವೇ: 'ಮಗಳು ತೀರಿಕೊಂಡ ವರ್ಷದ್ದು. ಅಣ್ಣ ಹೇಳುವಾಗ ನನ್ನ ಕೈ ನಿಂತಿತ್ತು, ಆದ್ದರಿಂದ ಸರಿಯಾಗಿ ನೆನಪಿಲ್ಲ. ಇದನ್ನು ಊಹಿಸಿ ಬರೆಯಬಾರದು. ತಪ್ಪು ನನ್ನದು.'

ರಿಪೇರಿಯವನಿಗೆ ಕೂರಲಾಗಲಿಲ್ಲ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ತಾನು ಊಟಕ್ಕೆ ಹೋದ ಒಂದು ಮಧ್ಯಾಹ್ನದಲ್ಲಿ ಅಳಿಸಿದ್ದನ್ನು ಈ ಹೆಂಗಸು ಆರು ವರ್ಷ ಕೂತು ಒಂದೊಂದೇ ಸಾಲಾಗಿ ಹೆಕ್ಕಿದ್ದಳು. ಇನ್ನೊಂದು ಗಂಟೆಯಲ್ಲಿ ಎತ್ತುತ್ತಾರೆ. ಕಳ್ದಾಕಿದವಳು ಎಂಬ ಮಾತನ್ನೂ ಅವಳ ಜೊತೆಗೇ ಎತ್ತಿಕೊಂಡು ಹೋಗುತ್ತಾರೆ. ಹೇಳದಿದ್ದರೆ ಇನ್ನು ಯಾವತ್ತಿಗೂ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ನಾಳೆಯಿಂದ ಈ ಬೀದಿಯ ಒಂದು ಮೌಸೂ ಅವನ ಅಂಗಡಿಗೆ ಬರುವುದಿಲ್ಲ. ಅವನು ಪ್ರಿಂಟ್ ಒತ್ತಿದ.

ಹಾಳೆಗಳು ಬೀಳುತ್ತಿದ್ದಾಗ ಕಿಟಕಿಯಿಂದ ಹೊರಗೆ ನೋಡಿದ. ರಸ್ತೆಯ ಆಚೆ ಬದಿಯಲ್ಲಿ, ಕಂಬಕ್ಕೆ ಒರಗಿ ಡ್ರೈವರಣ್ಣ ನಿಂತಿದ್ದರು. ಒಗೆದ ಅಂಗಿ, ಬಾಚಿದ ಬಿಳಿ ತಲೆ.

"ಬೆಳಗ್ಗೆಯಿಂದ ಅಲ್ಲೇ ಇದ್ದಾರೆ," ತಂಗಿ ಪರದೆಯಾಚೆ ಯಾರಿಗೋ ಹೇಳುತ್ತಿದ್ದಳು. "ಕರೆದೆ. ಬರಲ್ಲಂತೆ."

*

ರಸ್ತೆ ದಾಟಲು ಇಪ್ಪತ್ತು ಹೆಜ್ಜೆ. ಕಾಲಿಗೆ ಕಲ್ಲು ಕಟ್ಟಿದ ಹಾಗೆ ನಡೆದ.

"ಅಣ್ಣ, ಇದು ನಿಮ್ಮದು."

ಡ್ರೈವರಣ್ಣ ಕನ್ನಡಕ ಹಾಕಿಕೊಂಡು ಮೊದಲ ಹಾಳೆ ಓದಿದರು. ಎರಡನೆಯದು ಓದಿದರು. ಮೂರನೆಯದಕ್ಕೆ ಹೋಗಲಿಲ್ಲ. "ನಾನು ಮತ್ತೆ ಹೇಳಲ್ಲ ಅಂದ್ಬಿಟ್ಟಿದ್ದೆ ಅವಳಿಗೆ," ಎಂದರು. "'ಅಣ್ಣ, ಇನ್ನೊಂದ್ಸಲ ಹೇಳಿ' ಅಂತ ಮೂರು ಸಲ ಮನೆಗೆ ಬಂದಿದ್ಳು. ನಾಲ್ಕನೇ ಸಲ ಬಾಗ್ಲೇ ತೆಗೀಲಿಲ್ಲ ನಾನು."

"ಕಳೆದದ್ದು ಅಕ್ಕ ಅಲ್ಲ ಅಣ್ಣ. ನಾನು. ಹಳೇ ಡಿಸ್ಕ್ ಇನ್ನೂ ಓದ್ತಿತ್ತು. ನಾನು ಅದಲುಬದಲು ಮಾಡಿ ಅಳಿಸ್ದೆ. ತಾನಾಗೇ ಹೋಯ್ತು ಅಂತ ಸುಳ್ಳು ಹೇಳ್ದೆ. ಅಕ್ಕ ನಂಬಿದ್ರು."

ಹೊಡೆಯುತ್ತಾರೆ ಅಂದುಕೊಂಡಿದ್ದ. ಹೊಡೆದಿದ್ದರೆ ಒಳ್ಳೆಯದಿತ್ತು.

"ಆರು ವರ್ಷ," ಎಂದರು ಡ್ರೈವರಣ್ಣ. "ಅವಳು ಎದುರಿಗೆ ಬಂದ್ರೆ ನಾನು ಈ ಕಡೆ ರಸ್ತೆಗೆ ದಾಟ್ಬಿಡ್ತಿದ್ದೆ. ಈಗ ಹೇಳು, ನಾನು ಯಾವ ಕಡೆ ದಾಟ್ಲಿ?"

ಮುದುಕರು ಅವನ ಮಣಿಕಟ್ಟು ಹಿಡಿದರು. ಸ್ಟಿಯರಿಂಗ್ ಹಿಡಿದು ಪಳಗಿದ ಕೈ, ಈಗಲೂ ಬಿಗಿಯಿತ್ತು. "ನನ್ಹತ್ರ ಹೇಳಿ ಕೈ ತೊಳ್ಕೋಬೇಡ. ನಡಿ ಒಳಗೆ."

ಆರು ವರ್ಷದ ಮೇಲೆ ಡ್ರೈವರಣ್ಣ ಮೆಟ್ಟಿಲು ಹತ್ತಿದ್ದು ಕಂಡು ಜನ ಸರಿದು ದಾರಿ ಬಿಟ್ಟರು. "ಇವನೇನೋ ಹೇಳ್ಬೇಕಂತೆ. ಎಲ್ರೂ ಕೇಳಿಸ್ಕೊಳಿ," ಎಂದರು.

ರಿಪೇರಿಯವನು ಹೇಳಿದ. ಕೆಂಪು ಟೇಪು ಮುಗಿದಿದ್ದನ್ನೂ ಬಿಡದೆ ಹೇಳಿದ. ಅಕ್ಕನ ಮುಖ ನೋಡಿ ಹೇಳಬೇಕೆಂದಿದ್ದ, ಆಗಲಿಲ್ಲ. ಅವಳ ಕೈ ನೋಡಿ ಹೇಳಿದ.

ಬೇಕರಿಯವನು ನೆಲ ನೋಡುತ್ತ ಕೂತ. ಎದುರುಮನೆಯಾಕೆ ಬಾಯಿಗೆ ಕೈ ಅಡ್ಡ ಹಿಡಿದಳು.

"ನಮ್ಮನೆಗೆ ಊಟಕ್ಕೆ ಬಂದ್ರೆ ಅರ್ಧಕ್ಕೇ ಏಳೋಳು," ತಂಗಿ ಮೆಲ್ಲಗೆ ಹೇಳಿದಳು. "'ಒಂದು ಸಾಲು ನೆನಪಾಯ್ತು ಕಣೇ, ಮರ್ತೋಗೋದ್ರೊಳಗೆ ಹೋಗ್ಬೇಕು' ಅನ್ನೋಳು. ಎಂಥ ಸಾಲೇ ನಿಂದು ಅಂತ ರೇಗ್ತಿದ್ದೆ ನಾನು." ಅವನ ಕಡೆ ತಿರುಗಿದಳು. "ಅವಳಿಗೆ ಗೊತ್ತಿತ್ತಾ?"

"ಇಲ್ಲ ಚಿಕ್ಕಕ್ಕ."

"ನೀನು ಬಂದಾಗೆಲ್ಲ ಕಾಫಿ ಕೊಡ್ತಿದ್ಳು."

"ಹೌದು."

"ಕುಡೀತಿದ್ದೆ."

"ಕುಡೀತಿದ್ದೆ, ಚಿಕ್ಕಕ್ಕ."

ಹೆಗಲು ಕೊಡಲು ಬಂದ ನಾಲ್ವರು ಬಾಗಿಲಲ್ಲಿ ನಿಂತು, ಹೊತ್ತಾಯಿತು, ಎತ್ತೋಣವೇ ಎಂದು ಕೇಳಿದರು.

"ತಡೀರಿ," ಎಂದರು ಡ್ರೈವರಣ್ಣ. ಅಕ್ಕನ ತಲೆಯ ಹತ್ತಿರ ನೆಲಕ್ಕೆ ಕೂತು, ಅವನನ್ನೂ ಎಳೆದು ಕೂರಿಸಿಕೊಂಡರು. ಹಾಳೆಗಳ ಕಟ್ಟನ್ನು ಅವನ ತೊಡೆಯ ಮೇಲಿಟ್ಟು, ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. "ತಿದ್ದು."

"ಏನಂತ ಅಣ್ಣ?"

"ತಪ್ಪು ಯಾರದ್ದೋ ಅವರದ್ದು ಅಂತ."

ಅವನು 'ನನ್ನದು' ಎಂಬುದನ್ನು ಗೀಟೆಳೆದು ಹೊಡೆದುಹಾಕಿದ. ಮೇಲೆ 'ರಿಪೇರಿಯವನದು' ಎಂದು ಬರೆದ. ಅಕ್ಷರ ಸೊಟ್ಟಗಾಯಿತು, ಪೆನ್ನು ಹಿಡಿದು ಬರೆದು ಎಷ್ಟು ಕಾಲವಾಗಿತ್ತೋ.

"ಓದೋಕೆ ಬರೋ ಹಂಗೆ ಬರಿ," ಎಂದರು ಡ್ರೈವರಣ್ಣ.

ಮತ್ತೆ ಬರೆದ. ಹಾಳೆ ತಿರುವಿದ. ಅಲ್ಲಿ 'ತಪ್ಪು ನನ್ನದು' ಮೂರು ಕಡೆ ಇತ್ತು. ನಾಲ್ವರು ಬಾಗಿಲಿಂದ ಹಿಂದೆ ಸರಿದು ಗೋಡೆಗೆ ಒರಗಿದರು. ತಂಗಿ ಎದ್ದು ಹೋಗಿ, ಅವನಿಗೆ ಬೆಳಕು ಸಾಲದೆಂದು, ಕಿಟಕಿಯ ಎರಡೂ ಬಾಗಿಲನ್ನು ತೆರೆದಳು. ಅವನು ಮೂರನ್ನೂ ತಿದ್ದಿ ಮುಗಿಸುವಷ್ಟರಲ್ಲಿ ಮುದುಕರ ಬೆರಳು ಆಗಲೇ ಮುಂದಿನ ಪುಟದ ಮೇಲಿತ್ತು.