ಎಂಟು ಪಾಯಿಂಟಿನ ವಾದ

ಕೆಂಟಕಿಯ ಆ ಬೆಟ್ಟದೂರಿನ ಹೋಟೆಲಿನಲ್ಲಿ ಶನಿವಾರ ಬೆಳಗ್ಗೆ ಯಾರೂ ಬಿಸಿ ತಿಂಡಿ ತಿಂದವರಲ್ಲ. ತಟ್ಟೆ ಬರುವಷ್ಟರಲ್ಲಿ ಬಾಸ್ಕೆಟ್‌ಬಾಲ್ ಜಗಳ ಶುರುವಾಗಿರುತ್ತದೆ. ಕಾಲೇಜಿನ ಹುಡುಗಿಯರ ತಂಡ ಗೆದ್ದರೂ ಜಗಳ, ಸೋತರಂತೂ ಕೇಳಲೇಬೇಡಿ. ಹುಟ್ಟಿದಾಗಿನಿಂದ ಒಂದು ಚೆಂಡನ್ನೂ ಬುಟ್ಟಿಗೆ ಹಾಕದವರೆಲ್ಲ ಕೋಚಮ್ಮನಿಗೆ ಪಾಠ ಹೇಳುವವರೇ! ಊರ ಶಾಲೆಯ ಹಳದಿ ಬಸ್ಸು ಓಡಿಸುವ ವರ್ಲಿನ್ ಸ್ಟಿಡಮ್‌ಗೂ ಅದೇ ಚಟ.

ಎದುರಿಗೆ ಕೂತಿದ್ದವನು ಹಾರ್ಡ್‌ವೇರ್ ಅಂಗಡಿಯ ಡೆಲ್ಮಸ್ ರ‍್ಯಾಟ್ಲಿಫ್. ಆಟಗಾರ್ತಿಯರಿಗೆಂದು ಅಭಿಮಾನಿಗಳು ಎತ್ತುವ ನಿಧಿಗೆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕೊಡುವವನು. ಹಾಗಾಗಿ ಎಲ್ಲರಿಗಿಂತ ಜೋರಾಗಿ ಮಾತಾಡುವವನೂ ಅವನೇ.

"ನಿನ್ನ ಕೋಚಮ್ಮಂಗೆ ಕಣ್ಣಿಲ್ಲ ಕಣೋ. ನಾವು ತಿಂಗ್ಳು ತಿಂಗ್ಳು ದುಡ್ಡು ಸುರೀತೀವಿ. ಬೇರೆ ಕಾಲೇಜಿಂದ ಆರಡಿ ನಾಲ್ಕಿಂಚಿನವಳೊಬ್ಬಳನ್ನ ಎಳ್ಕೊಂಡು ಬರೋದು ಬಿಟ್ಟು, ನಮ್ಮೂರ ಹೈಸ್ಕೂಲಿನ ಈ ಟ್ರೆಸ್ಸಾಗೆ ಸ್ಕಾಲರ್‌ಶಿಪ್ ಕೊಡ್ತಾಳಂತೆ!"

"ದುಡ್ಡಿಗೆ ಬಂದವಳು ದುಡ್ಡಿಗೇ ಹೋಗ್ತಾಳೆ," ಅಂದ ವರ್ಲಿನ್. "ನಮ್ಮ ಟ್ರೆಸ್ಸಾ ನಾಲ್ಕು ವರ್ಷ ನಿಂತು ಆಡ್ತಾಳೆ."

"ಆಡ್ತಾಳೆ, ಮಣ್ಣು! ಮೊನ್ನೆ ಅಭ್ಯಾಸದ ಮ್ಯಾಚಲ್ಲಿ ಎಷ್ಟು? ಎಂಟೇ ಎಂಟು ಪಾಯಿಂಟು. ನಮ್ಮಜ್ಜೀನೂ ಹಾಕ್ತಿದ್ಲು ಅಷ್ಟನ್ನ."

ಟೇಬಲ್ಲಿನವರೆಲ್ಲ ಗೊಳ್ಳೆಂದು ನಕ್ಕರು. ವರ್ಲಿನ್‌ನ ಕಿವಿ ಬಿಸಿಯಾಯಿತು. ಟ್ರೆಸ್ಸಾ ನೇಪಿಯರ್‌ಳನ್ನು ಆರನೇ ವಯಸ್ಸಿನಿಂದ ಬಸ್ಸಿನಲ್ಲಿ ಕರೆದುಕೊಂಡು ಹೋದವನು ಅವನು. ಈಗವಳಿಗೆ ಹದಿನೇಳು. ತಾಯಿ ವೃದ್ಧಾಶ್ರಮದಲ್ಲಿ ಆಯಾ. ಸ್ಕಾಲರ್‌ಶಿಪ್ ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ತಾಯಿಯ ಜೊತೆಗೇ ಅದೇ ಕೆಲಸ. ಕಾಲೇಜು ಕೊಟ್ಟಿದ್ದು ಸದ್ಯಕ್ಕೆ ಬರೀ ಬಾಯಿಮಾತು. ಬರುವ ಬುಧವಾರ ಶಾಲೆಯಲ್ಲಿ ಎಲ್ಲರೆದುರು ಸ್ಕಾಲರ್‌ಶಿಪ್ ಕಾಗದಕ್ಕೆ ಸಹಿ ಬೀಳಬೇಕಿತ್ತು.

ಮೂರು ವಾರದ ಹಿಂದೆ ಬಸ್ಸಿನಿಂದ ಇಳಿಯುವಾಗ ಅವಳ ಮಂಡಿ ಕೊಸಕ್ಕೆಂದು ತಿರುಚಿಕೊಂಡಿತ್ತು. ಬೀಳದಂತೆ ಹಿಡಿದವನು ವರ್ಲಿನ್ನೇ. ಬರೀ ಊತ, ಕ್ರಿಸ್‌ಮಸ್ ಹೊತ್ತಿಗೆ ಸರಿಹೋಗುತ್ತದೆ ಎಂದಿದ್ದರು ಡಾಕ್ಟರು. "ಸಹಿ ಆಗೋವರ‍್ಗೂ ಯಾರಿಗೂ ಹೇಳ್ಬೇಡಿ ತಾತ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಹುಡುಗಿ ಅತ್ತಿದ್ದಳು. ಇವನು ಬೈಬಲ್ ಮೇಲೆ ಆಣೆ ಮಾಡಿದ್ದ.

ಆದರೆ ನಗು ಇನ್ನೂ ನಿಂತಿರಲಿಲ್ಲ. ಹಾಳಾದ ನಾಲಗೆ!

"ಊದಿದ ಮಂಡಿ ಇಟ್ಕೊಂಡು ಎಂಟು ಹಾಕಿದ್ಲು ಕಣಯ್ಯಾ! ಕಾಲು ಸರಿಯಾಗಿದ್ದಿದ್ರೆ ಇಪ್ಪತ್ತೆಂಟು ಹಾಕ್ತಿದ್ಲು!"

ನಗು ಗಪ್ಪನೆ ನಿಂತಿತು. ಡೆಲ್ಮಸ್‌ನ ಬಾಯಿ ಕಟ್ಟಿತು. ಎಷ್ಟೋ ವರ್ಷದಲ್ಲಿ ಮೊದಲ ಸಲ! ವರ್ಲಿನ್‌ಗೆ ಎಷ್ಟು ಹಿಗ್ಗಾಯಿತೆಂದರೆ, ತಾನು ಆಡಿದ್ದೇನು ಎಂಬುದು ಅರ್ಥವಾಗಲು ಒಂದು ಗುಟುಕು ಕಾಫಿ ಹಿಡಿಯಿತು.

"ಇದು ಈ ಟೇಬಲ್ ದಾಟಕೂಡದು, ನೋಡು."

"ಯಾಕೋ, ನನ್ನ ಹೊಟ್ಟೇಲಿ ಒಂದು ಮಾತು ನಿಲ್ಲಲ್ವಾ?" ಅಂದ ಡೆಲ್ಮಸ್.

ಮಧ್ಯಾಹ್ನದವರೆಗೆ ನಿಂತಿತು. ಆಮೇಲೆ ಅಂತರ್ಜಾಲದಲ್ಲಿ ಅಭಿಮಾನಿಗಳು ಹರಟುವ ಜಾಗದಲ್ಲಿ ಅವನೇ ಬರೆದ: 'ನಂಬಿಕಸ್ಥರಿಂದ ಸುದ್ದಿ. ನೇಪಿಯರ್‌ಳ ಮಂಡಿಯ ಲಿಗಮೆಂಟ್ ಹರಿದಿದೆ.' ಯಾರಿಗೂ ಗೊತ್ತಿಲ್ಲದ್ದನ್ನು ಮೊದಲು ಹೇಳಿದವನೇ ಅಲ್ಲಿ ರಾಜ. ಬರೀ ಊದಿದ್ದ ಮಂಡಿ ಅವನ ಕೈಯಲ್ಲಿ ಹರಿದೇಹೋಗಿತ್ತು. ಹೋದ ಕಾಲಿಗೆ ಸ್ಕಾಲರ್‌ಶಿಪ್ ಯಾಕೆ, ಎತ್ತರದವಳನ್ನು ತನ್ನಿ ಎಂದು ಸಂಜೆಯೊಳಗೆ ಇನ್ನೂರು ಮಂದಿ ಬರೆದರು.

ವರ್ಲಿನ್ ಕೈ ಕೈ ಹಿಸುಕಿಕೊಂಡ. ಅಲ್ಲಿಗಾದರೂ ಸುಮ್ಮನಿದ್ದನೇ? ಇಲ್ಲ. ಸುಳ್ಳನ್ನು ತಿದ್ದದೆ ಬಿಡುವ ಅಭಿಮಾನಿ ಇನ್ನೂ ಹುಟ್ಟಿಲ್ಲ. ತನ್ನ ಕಳ್ಳಹೆಸರಿನಲ್ಲಿ ಬರೆದ: 'ಹರಿದಿಲ್ಲ, ಬರೀ ಊತ. ಡಾಕ್ಟರೇ ಹೇಳಿದ್ದಾರೆ.'

'ಅಂದ್ರೆ ಪೆಟ್ಟಾಗಿರೋದು ನಿಜ,' ಎಂದು ಮರುಕ್ಷಣವೇ ಉತ್ತರ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಂಗಳವಾರ ಕೋಚಮ್ಮ ಟ್ರೆಸ್ಸಾಳ ಮನೆಗೆ ಫೋನು ಮಾಡಿದಳು. ಬರುವುದಾದರೆ ಬಾ, ಆದರೆ ನಿನ್ನ ಫೀಸು ನೀನೇ ಕಟ್ಟಿಕೋ, ಮಂಡಿ ನೋಡಿ ಮುಂದಿನ ವರ್ಷ ಯೋಚಿಸೋಣ ಎಂದಳಂತೆ. ಬುಧವಾರ ಶಾಲೆಯ ಜಿಮ್‌ನಲ್ಲಿ ಇಬ್ಬರು ಹುಡುಗರು ಸಹಿ ಹಾಕಿ, ಕಾಲೇಜಿನ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಕೇಕಿನ ಮೇಲಿದ್ದ ಮೂರನೇ ಹೆಸರನ್ನು ಯಾರೋ ಚಾಕುವಿನಿಂದ ಸವರಿದ್ದರು. ವರ್ಲಿನ್ ಬಾಗಿಲಲ್ಲೇ ನಿಂತು ನೋಡಿ, ಒಳಗೆ ಕಾಲಿಡಲಾಗದೆ ವಾಪಸು ಬಂದ.

ಗುರುವಾರ ಬೆಳಗ್ಗೆ ಎಂದಿನಂತೆ ಬಸ್ಸಿಗೆ ಮೊದಲು ಹತ್ತಿದವಳು ಟ್ರೆಸ್ಸಾ. ಒಳಗೆ ಬೇರೆ ಯಾರೂ ಇರಲಿಲ್ಲ. ವರ್ಲಿನ್ ಬಸ್ಸು ಬಿಡಲಿಲ್ಲ.

"ಟ್ರೆಸ್ಸಾ, ಅದು... ನಾನೇ..."

"ಗೊತ್ತು ತಾತ. ಡಾಕ್ಟ್ರು, ಅಮ್ಮ, ನೀವು. ಮೂರೇ ಜನಕ್ಕೆ ಗೊತ್ತಿದ್ದಿದ್ದು." ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆಷ್ಟೋ ಹಗುರಾಗುತ್ತಿತ್ತು. "ಯಾಕೆ ಹೇಳಿದ್ರಿ?"

"ಡೆಲ್ಮಸ್ ನಿನ್ನ ಎಂಟು ಪಾಯಿಂಟು ಹಿಡ್ಕೊಂಡು ಆಡ್ಕೊಂಡ ಕಣಮ್ಮ. ತಡಕೊಳ್ಳಕ್ಕಾಗ್ಲಿಲ್ಲ. ವಾದಕ್ಕೆ ಬಿದ್ದೆ."

ಹುಡುಗಿ ಬ್ಯಾಗನ್ನು ಹೆಗಲಿಗೇರಿಸಿಕೊಂಡಳು.

"ಗೆದ್ರಾ?"

ಸುಳ್ಳು ಹೇಳಬೇಕೆನ್ನಿಸಿತು. ಆದರೆ ಈ ಸಲ ನಾಲಗೆ ಹೊರಳಲಿಲ್ಲ.

"ಗೆದ್ದೆ ಕಣಮ್ಮ."

"ಸರಿ, ಹೊರಡಿ ತಾತ. ಲೇಟಾಗುತ್ತೆ," ಎಂದು ಅವಳು ಕುಂಟುತ್ತಾ ಹಿಂದಿನ ಸೀಟಿಗೆ ಹೋದಳು.